ಎತ್ತಿದ ಕಿರುಬೆರಳು

ಕಪಿಲೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಮಂತ್ರ ಕಲಿಸುತ್ತಿರಲಿಲ್ಲ, ಆಸನ ಕಲಿಸುತ್ತಿರಲಿಲ್ಲ. ಪೆನ್ಸಿಲ್ ಹಿಡಿಯುವುದನ್ನು ಕಲಿಸುತ್ತಿದ್ದರು.

ನಗಬೇಡಿ. ಹಿಡಿಯಲು ಬಂದರೆ ಗೆರೆ ಬರುತ್ತದೆ, ಗೆರೆ ಬಂದರೆ ಚಿತ್ರ ಬರುತ್ತದೆ, ಚಿತ್ರ ಬಂದರೆ ಲೋಕ ಕಾಣುತ್ತದೆ ಎಂದು ಅಲ್ಲಿಯವರು ನಂಬಿದ್ದರು. ನಂಬಿಕೆಯಲ್ಲಿ ತಪ್ಪೇನಿಲ್ಲ. ಅದನ್ನು ಅವರು ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡಿದ್ದರು, ಅಷ್ಟೇ.

ಗುರುಗಳ ಹೆಸರು ಸಿಂಗರಯ್ಯ. ಪ್ರಾಯದಲ್ಲಿ ಊರೂರು ತಿರುಗಿ ಗುಡಿಗಳ ಗೋಡೆಗೆ ಚಿತ್ರ ಬರೆದವರು. ಈಗ ವಯಸ್ಸಾಗಿತ್ತು. ಬೆಳಿಗ್ಗೆ ಹೊಂಗೆ ಮರದ ಕೆಳಗೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಪೆನ್ಸಿಲಿನಲ್ಲಿ ಏನಾದರೂ ಬರೆಯುತ್ತಿದ್ದರು. ಮಾತು ಕಡಿಮೆ. ಶಿಷ್ಯರು ಸುತ್ತ ಕೂತು ಅವರ ಕೈಯನ್ನೇ ನೋಡುತ್ತಿದ್ದರು.

ಆ ಕೈ ಪೆನ್ಸಿಲನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳಿನ ನಡುವೆ ಹಿಡಿಯುತ್ತಿತ್ತು. ಉಂಗುರದ ಬೆರಳು ಮಡಿಸಿಕೊಂಡಿರುತ್ತಿತ್ತು. ಕಿರುಬೆರಳು ಮಾತ್ರ ಯಾರ ಜೊತೆಗೂ ಸೇರದೆ ನೆಟ್ಟಗೆ ಮೇಲಕ್ಕೆ ನಿಂತಿರುತ್ತಿತ್ತು.

ಹಾಗಾಗಿ ಶಿಷ್ಯರೆಲ್ಲರ ಕಿರುಬೆರಳೂ ಮೇಲಕ್ಕೆ ನಿಂತವು.

ಮೊದಮೊದಲು ಬರೆಯುವಾಗ ಮಾತ್ರ. ಆಮೇಲೆ ಊಟಕ್ಕೂ ಬಂತು. ಮುದ್ದೆ ಮುರಿಯುವಾಗ, ಸಾರಿನಲ್ಲಿ ಅದ್ದುವಾಗ, ಮಜ್ಜಿಗೆಯ ಲೋಟ ಎತ್ತುವಾಗಲೂ ಕಿರುಬೆರಳು ಮೇಲೆಯೇ. ಸಂತೆಗೆ ಹೋದರೆ ಅಂಗಡಿಯವರು ಮುಖ ನೋಡದೆ ಬೆರಳು ನೋಡಿಯೇ, "ಬನ್ನಿ, ಆಶ್ರಮದವರು" ಅನ್ನುತ್ತಿದ್ದರು. ಶಿಷ್ಯರಿಗೆ ಅದು ಹೆಮ್ಮೆಯ ವಿಷಯ.

ಹೊಸಬರ ಬೆರಳು ಸುಮ್ಮನೆ ನಿಲ್ಲುತ್ತದೆಯೇ? ಅದಕ್ಕೆ ಬಿದಿರಿನ ಸೀಳು ಇಟ್ಟು ದಾರ ಸುತ್ತಿ ಕಟ್ಟುತ್ತಿದ್ದರು. ಬೆರಳು ತಾನಾಗಿ ನಿಲ್ಲುವವರೆಗೆ ಸೀಳು ಬಿಚ್ಚುವಂತಿಲ್ಲ. ಕಟ್ಟುವ ಕೆಲಸ ಹಿರಿಯ ಶಿಷ್ಯ ಶಂಕರಲಿಂಗನದು. ಕೆಟ್ಟವನಲ್ಲ ಅವನು. ಕಟ್ಟುವಾಗ ನೋಯುತ್ತದೆಂದು ತಾನೇ ಊದುತ್ತಿದ್ದ. ಆದರೆ ಕಟ್ಟದೆ ಬಿಡುತ್ತಿರಲಿಲ್ಲ.

ಅಂಥ ಆಶ್ರಮಕ್ಕೆ ದೇವೀರಿ ಬಂದಳು.

ಹೊಳೆಯ ಆಚೆ ದಡದ ಊರಿನವಳು. ಚಿಕ್ಕಂದಿನಿಂದ ಇದ್ದಿಲಿನಲ್ಲಿ ಗೋಡೆಯ ಮೇಲೆ ಮುಖ ಬರೆದವಳು. ಊರಿನ ಯಾರ ಮುಖವನ್ನಾದರೂ ಬರೆಯುತ್ತಿದ್ದಳು, ಗುರುತೂ ಸಿಗುತ್ತಿತ್ತು. ಆದರೆ ಕಣ್ಣು ಸತ್ತಿರುತ್ತಿತ್ತು. ಎಷ್ಟು ತಿದ್ದಿದರೂ ಸತ್ತೇ ಇರುತ್ತಿತ್ತು.

ಒಮ್ಮೆ ಅವಳು ಒಂದು ಹಳೆಯ ಮಂಟಪದ ಗೋಡೆಯಲ್ಲಿ ಸಿಂಗರಯ್ಯನವರು ಬರೆದ ಹೆಂಗಸಿನ ಮುಖ ನೋಡಿದಳು. ಬಣ್ಣ ಉದುರಿತ್ತು, ಮೂಗು ಅಳಿಸಿತ್ತು. ಕಣ್ಣು ಮಾತ್ರ ಬದುಕಿತ್ತು. ದೇವೀರಿ ಅದರ ಮುಂದೆ ನಿಂತು ಅತ್ತುಬಿಟ್ಟಳು. ಆ ಕಣ್ಣು ಬರೆಯಲು ಕಲಿಯದೆ ಊರಿಗೆ ಹೋಗುವುದಿಲ್ಲ ಎಂದು ಹರಿಗೋಲು ಹತ್ತಿ ಬಂದಳು.

ಆಶ್ರಮದಲ್ಲಿ ಕಣ್ಣಿನ ಪಾಠವನ್ನು ಗುರುಗಳೇ ಹೇಳಿಕೊಡುತ್ತಿದ್ದರು. ಆದರೆ ಅದಕ್ಕೆ ಮುಂಚೆ ಒಂದು ದೀಕ್ಷೆ ಇತ್ತು. ವಿಜಯದಶಮಿಯ ದಿನ, ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ, ಆ ತುದಿಯಿಂದ ಈ ತುದಿಗೆ, ಕೈ ಎತ್ತದೆ ಒಂದು ಗೆರೆ ಎಳೆಯಬೇಕು. ಹಿಡಿತ ಸರಿಯಿದ್ದವರು ಕಣ್ಣಿನ ಪಾಠಕ್ಕೆ ಹೋಗುತ್ತಿದ್ದರು. ಇಲ್ಲದವರು ಅವತ್ತೇ ಹರಿಗೋಲು ಹತ್ತುತ್ತಿದ್ದರು.

ಮೊದಲನೇ ದಿನ ಶಂಕರಲಿಂಗ ಅವಳ ಕೈಗೆ ಪೆನ್ಸಿಲ್ ಕೊಟ್ಟು, "ಏನಾದ್ರೂ ಬರಿ" ಎಂದ.

ದೇವೀರಿ ಬರೆದಳು. ಅವಳ ಕಿರುಬೆರಳು ಕಾಗದದ ಮೇಲೆ ಒರಗಿ, ಕೈಯ ಜೊತೆ ಜಾರುತ್ತ ಹೋಯಿತು.

"ಅಯ್ಯೋ, ಬೆರಳು!" ಎಂದ ಶಂಕರಲಿಂಗ.

"ಏನಾಯ್ತು ಬೆರಳಿಗೆ?"

"ಕೆಳಗಿದೆ."

"ಕೆಳಗಿದ್ರೇನೇ ಅಣ್ಣ ಕೈ ನಿಲ್ಲೋದು."

ಶಂಕರಲಿಂಗ ಪಕ್ಕದಲ್ಲಿ ಕೂತು ಸಮಾಧಾನದಿಂದ ಹೇಳಿದ. "ನೋಡಮ್ಮ. ಹೆಬ್ಬೆರಳು ಪರಮಾತ್ಮ. ತೋರುಬೆರಳು ಜೀವಾತ್ಮ. ನಡುಬೆರಳು ಗುರು, ಇಬ್ಬರನ್ನೂ ಕೂಡಿಸೋದು. ಉಂಗುರದ ಬೆರಳು ಸಂಸಾರ, ಅದಕ್ಕೇ ಮಡಿಸಿಡೋದು. ಕಿರುಬೆರಳು ಅಹಂಕಾರ. ಅಹಂಕಾರ ಕಾಗದಕ್ಕೆ ತಾಕಬಾರದು. ಮೇಲೆ ಎತ್ತಿಡಬೇಕು."

ದೇವೀರಿ ಅವನ ಬೆರಳು ನೋಡಿದಳು, ತನ್ನದನ್ನು ನೋಡಿಕೊಂಡಳು.

"ಅಹಂಕಾರ ಅಂದ್ರೆ ತಲೆ ಎತ್ತಿಕೊಂಡು ನಿಂತಿರೋದಲ್ವಾ ಅಣ್ಣ? ನಂದು ಪಾಪ ಕೆಳಗೆ ಮಲಗಿದೆ."

ಸುತ್ತ ಕೂತಿದ್ದ ಶಿಷ್ಯರಲ್ಲಿ ಒಬ್ಬರಿಬ್ಬರಿಗೆ ನಗು ಬಂತು. ಶಂಕರಲಿಂಗ ತಿರುಗಿ ನೋಡಿದ ಮೇಲೆ ನಗು ನಿಂತಿತು. ಅವನು ಬಿದಿರಿನ ಸೀಳು ತಂದು, ಊದಿ ಊದಿ, ಅವಳ ಬೆರಳಿಗೆ ಕಟ್ಟಿದ.

ಸೀಳು ಕಟ್ಟಿದ ಕೈಯಲ್ಲಿ ದೇವೀರಿ ದಿನವೂ ಬರೆದಳು. ಆಸರೆಯಿಲ್ಲದ ಕೈ ನಡುಗಿತು. ಗೆರೆ ಅಂಕುಡೊಂಕಾಯಿತು. ಊರಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರುತ್ತಿದ್ದ ಮುಖವೂ ಇಲ್ಲಿ ಬರಲಿಲ್ಲ. ಕಣ್ಣು ಕಲಿಯಲು ಬಂದವಳು ಮೂಗನ್ನೂ ಕಳೆದುಕೊಂಡಳು.

ಒಂದು ದಿನ ಅವಳು ಕೊಟ್ಟಿಗೆಯ ಹಿಂದೆ ಹೋಗಿ, ಹಲ್ಲಿನಿಂದ ದಾರ ಬಿಚ್ಚಿ, ಸೀಳು ಪಕ್ಕಕ್ಕಿಟ್ಟು, ಒಂದು ಗೆರೆ ಎಳೆದಳು. ಗೆರೆ ಬಂತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಹಿಂದೆ ಶಂಕರಲಿಂಗ ಬಂದು ನಿಂತದ್ದೂ ತಿಳಿಯಲಿಲ್ಲ.

"ದೇವೀರಿ."

ಅವಳು ಎದ್ದು ನಿಂತಳು. ಬಚ್ಚಿಡಲಿಲ್ಲ.

"ಬಯ್ಯೋಕೆ ಬಂದಿಲ್ಲಮ್ಮ" ಎಂದ ಅವನು. "ನೀನು ಕಣ್ಣು ಕಲೀಬೇಕು ಅಂತ ನನಗೂ ಆಸೆ. ವಿಜಯದಶಮಿ ಹತ್ರ ಬಂತು. ಒಂದು ಬೆರಳು ಎತ್ತೋದು ತಾನೇ? ಎತ್ತಿದ್ರೆ ಏನು ಹೋಗುತ್ತೆ?"

"ಗೆರೆ ಹೋಗುತ್ತೆ."

"ನಾವೆಲ್ಲ ಎತ್ತಿಲ್ವಾ?"

"ನಿಮ್ಮ ಗೆರೆ ನೀವು ಕೊಟ್ರಿ ಅಣ್ಣ. ನಾನು ಕೊಡಲ್ಲ."

ಶಂಕರಲಿಂಗನಿಗೆ ಆ ಮಾತು ಚುಚ್ಚಿತು. ನೆಲದಲ್ಲಿದ್ದ ಸೀಳು ಎತ್ತಿಕೊಂಡು ಮತ್ತೆ ಕಟ್ಟಿದ. ಈ ಸಲ ಊದಲಿಲ್ಲ.

ದೇವೀರಿ ನೇರವಾಗಿ ಗುರುಗಳ ಹತ್ತಿರ ಹೋದಳು. ಹೊಸಬರು ಹಾಗೆ ಹೋಗುವ ಪದ್ಧತಿ ಇರಲಿಲ್ಲ. ಹೊಂಗೆ ಮರದ ಕೆಳಗೆ ಕೂತಿದ್ದ ಶಿಷ್ಯರು ದಾರಿ ಬಿಡಲಿಲ್ಲ. ಅವಳು ದಾಟಿಕೊಂಡೇ ಹೋದಳು.

"ಗುರುಗಳೇ, ಪೆನ್ಸಿಲ್ ಹಿಡಿಯೋದು ಹೇಗೆ?"

ಸಿಂಗರಯ್ಯನವರು ಬರೆಯುವುದನ್ನು ನಿಲ್ಲಿಸಲಿಲ್ಲ.

"ಬೀಳದ ಹಾಗೆ" ಎಂದರು.

"ಅಷ್ಟೇನಾ?"

"ಅಷ್ಟೇ ಕಣಮ್ಮ."

ದೇವೀರಿ ಗೆದ್ದೆನೆಂದುಕೊಂಡು ಹೋಗಿ ಆ ಮಾತನ್ನು ಶಂಕರಲಿಂಗನಿಗೆ ಹೇಳಿದಳು. ಅವನು ಕಣ್ಣು ಮುಚ್ಚಿ ಕೈ ಮುಗಿದ.

"ಬೀಳದ ಹಾಗೆ! ಅಂದ್ರೆ ಜೀವ ಮಾಯೆಗೆ ಬೀಳದ ಹಾಗೆ. ಎಂಥ ಮಾತು ಹೇಳಿದರು ಗುರುಗಳು!"

ಸಂಜೆಯ ಹೊತ್ತಿಗೆ ಶಿಷ್ಯರೆಲ್ಲ ಆ ಮಾತನ್ನು ಪಾಠ ಮಾಡಿಕೊಂಡಿದ್ದರು. ಅವರ ಕಿರುಬೆರಳುಗಳು ಇನ್ನೂ ಸ್ವಲ್ಪ ಮೇಲಕ್ಕೆ ಹೋದವು. ದೇವೀರಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಮಾರನೆಯ ಬೆಳಿಗ್ಗೆ ಅವಳು ನೀರು ತರಲು ಹೊಳೆಗೆ ಇಳಿದಳು. ಸಿಂಗರಯ್ಯನವರು ಮೊಣಕಾಲುದ್ದ ನೀರಿನಲ್ಲಿ ನಿಂತು ಸೂರ್ಯನಿಗೆ ಅರ್ಘ್ಯ ಕೊಡುತ್ತಿದ್ದರು.

ಬೊಗಸೆ ತುಂಬ ನೀರು ಎತ್ತಿದರು. ಎತ್ತುವಷ್ಟರಲ್ಲಿ ಅರ್ಧ ಸೋರಿತು. ಮತ್ತೆ ಎತ್ತಿದರು. ಮತ್ತೆ ಸೋರಿತು. ಎರಡು ಅಂಗೈ ಕೂಡುವ ಕಡೆ ಒಂದು ಕಂಡಿ. ಬಲಗೈಯ ಕಿರುಬೆರಳು ಮಿಕ್ಕ ಬೆರಳುಗಳ ಜೊತೆ ಕೂಡದೆ ಆಚೆ ನಿಂತಿತ್ತು. ನೀರೆಲ್ಲ ಅಲ್ಲಿಂದಲೇ ಹೋಗುತ್ತಿತ್ತು.

ದೇವೀರಿ ಬಿಂದಿಗೆ ಕೆಳಗಿಟ್ಟಳು. ಇಲ್ಲಿನ ಶಿಷ್ಯರೂ ಹೀಗೆಯೇ ಬೆರಳು ಬಿಟ್ಟುಕೊಂಡು, ಬೊಗಸೆ ಸೋರಿಸಿಕೊಂಡು, ಬಾಯಾರಿಯೇ ಹೊಳೆಯಿಂದ ಹತ್ತಿ ಬರುವುದನ್ನು ಅವಳು ನೋಡಿದ್ದಳು. ಅದೂ ಒಂದು ವ್ರತವೆಂದು ಅಂದುಕೊಂಡಿದ್ದಳು.

ಅವಳು ನೀರಿಗೆ ಇಳಿದು ಅವರ ಎದುರು ನಿಂತಳು.

"ಗುರುಗಳೇ, ನಿಮ್ಮ ಬೆರಳು ಮಡಿಸೋಕೆ ಆಗಲ್ಲ."

ಸಿಂಗರಯ್ಯನವರು ಬೆರಳು ನೋಡಿಕೊಂಡರು, ಮರೆತಿದ್ದು ಈಗ ನೆನಪಾದವರ ಹಾಗೆ.

"ಹೌದು. ಆಗಲ್ಲ."

"ಯಾಕೆ?"

"ಗುಡಿಯಲ್ಲಿ ಬರೀತಿದ್ದಾಗ ಸಾರುವೆ ಕಂಬ ಬಿತ್ತು. ಮುರೀತು. ನೆಟ್ಟಗೇ ಕೂಡಿಕೊಳ್ತು."

"ಹಾಗಿದ್ರೆ ಅದು ಅಹಂಕಾರ ಅಲ್ಲ?"

"ಬೆರಳು ಕಣಮ್ಮ."

ದೇವೀರಿಗೆ ನಗು ಬರಲಿಲ್ಲ, ಸಿಟ್ಟು ಬಂತು. ಅಳುವಷ್ಟು ಸಿಟ್ಟು. ಸೀಳು ಕಟ್ಟಿದ ತನ್ನ ಕೈಯನ್ನು ಅವರ ಮುಖದ ಮುಂದೆ ಹಿಡಿದಳು. ದಾರ ಕಚ್ಚಿದ ಕಡೆ ಚರ್ಮ ಕೆಂಪಾಗಿತ್ತು.

"ಇದನ್ನ ನೋಡಿಲ್ವಾ ನೀವು? ನಿಮ್ಮ ಕಣ್ಣೆದುರಿಗೇ ಕಟ್ತಾರೆ. ಬಂದವರಿಗೆಲ್ಲ ಕಟ್ತಾರೆ. ನೀವು ಮರದ ಕೆಳಗೆ ಕೂತು ಬರ್ಕೋತಾ ಇರ್ತೀರಿ. ಒಂದು ಮಾತು ಹೇಳಬಾರದಿತ್ತಾ?"

ಗುರುಗಳನ್ನು ಹಾಗೆ ಯಾರೂ ಕೇಳಿರಲಿಲ್ಲ. ಅವರ ಮುಖ ಸಣ್ಣದಾಯಿತು.

"ಹೇಳ್ದೆ. ಮೊದಲನೆಯವನು ಬೆರಳು ಎತ್ತಿದಾಗ, ಬೇಡ ಕಣೋ ಅಂದೆ. ಗುರುಗಳು ವಿನಯಕ್ಕೆ ಹೇಳ್ತಾರೆ ಅಂದ. ಇನ್ನೂ ಎತ್ತಿದ."

"ಆಮೇಲೆ?"

"ಆಮೇಲೆ ಸುಮ್ಮನಾದೆ."

"ಯಾಕೆ ಸುಮ್ಮನಾದ್ರಿ?"

ಅವರು ಬೊಗಸೆಯಲ್ಲಿ ಉಳಿದಿದ್ದ ನೀರನ್ನು ಹೊಳೆಗೆ ಬಿಟ್ಟರು.

"ನಿನ್ನ ಕೈಯನ್ನೂ ನೋಡ್ಕೊಂಡು ನಾಲ್ಕು ಜನ ಕೂರೋ ದಿನ ಬರುತ್ತೆ. ಅವತ್ತು ಇದೇ ಪ್ರಶ್ನೆ ಕೇಳು" ಎಂದರು.

ದೇವೀರಿಗೆ ಆ ಉತ್ತರ ಹಿಡಿಸಲಿಲ್ಲ. ದೊಡ್ಡವರು ತಪ್ಪಿಸಿಕೊಳ್ಳುವುದು ಹೀಗೆಯೇ ಎಂದುಕೊಂಡು, ಬಿಂದಿಗೆ ತುಂಬಿಸಿ, ದಡದಡನೆ ಹತ್ತಿ ಬಂದಳು.

ಬಂದವಳೇ ಶಂಕರಲಿಂಗನಿಗೆ ಹೇಳಿದಳು. "ಗುರುಗಳ ಬೆರಳು ಮುರಿದಿದೆ ಅಣ್ಣ. ಅದಕ್ಕೇ ನಿಂತಿರೋದು. ಅವರೇ ಹೇಳಿದ್ರು."

ಶಂಕರಲಿಂಗ ಎರಡೂ ಕಿವಿ ಮುಚ್ಚಿಕೊಂಡ.

"ಗುರುಗಳ ದೇಹಕ್ಕೆ ಊನ ಹೇಳ್ತೀಯಾ? ಪಾಪ ಬರುತ್ತೆ ಕಣೇ! ನಿನ್ನ ಬೆರಳು ಉಳಿಸಿಕೊಳ್ಳೋಕೆ ಗುರುಗಳ ಬೆರಳು ಮುರೀತೀಯಾ?"

"ಹೋಗಿ ನೋಡಿ ಬೇಕಾದ್ರೆ."

"ನಾನ್ಯಾಕೆ ನೋಡಲಿ? ದಿನಾ ನೋಡ್ತಾನೇ ಇದ್ದೀನಿ."

ಅದಂತೂ ನಿಜ. ಅವನಷ್ಟು ನೋಡಿದವರು ಇನ್ನೊಬ್ಬರಿರಲಿಲ್ಲ.

ಆಯುಧಪೂಜೆ ಬಂತು. ಪೆನ್ಸಿಲ್‌ಗಳನ್ನೆಲ್ಲ ಮಣೆಯ ಮೇಲೆ ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿಟ್ಟು ಪೂಜೆ ಮಾಡಿದರು. ಅವತ್ತು ಯಾರೂ ಪೆನ್ಸಿಲ್ ಮುಟ್ಟಲಿಲ್ಲ. ಕೆಲಸವಿಲ್ಲದಿದ್ದರೂ ಬೆರಳುಗಳು ಮಾತ್ರ ಎದ್ದೇ ಇದ್ದವು.

ಅವತ್ತು ದೇವೀರಿ ಬಟ್ಟೆಯ ಗಂಟು ಕಟ್ಟಿಟ್ಟಳು. ಬೆರಳು ಎತ್ತಿದರೆ ಕಣ್ಣು ಸಿಗುತ್ತದೆ, ಆದರೆ ಆ ಕಣ್ಣನ್ನು ಬರೆಯುವ ಗೆರೆ ಇರುವುದಿಲ್ಲ. ಎತ್ತದಿದ್ದರೆ ಗೆರೆ ಇರುತ್ತದೆ, ಕಣ್ಣು ಸಿಗುವುದಿಲ್ಲ. ಬಂದ ದಾರಿಯಲ್ಲಿ ಹಾಗೇ ಹೋಗುವುದನ್ನು ನೆನೆದರೆ ಮಂಟಪದ ಆ ಕಣ್ಣು ಎದುರಿಗೆ ಬಂದು ನಿಲ್ಲುತ್ತಿತ್ತು. ಆದರೂ ಗಂಟು ಬಿಚ್ಚಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಎಲ್ಲರೂ ಗೋಡೆಯ ಮುಂದೆ ಸೇರಿದರು. ಸುಣ್ಣ ಇನ್ನೂ ಹಸಿ ವಾಸನೆ ಬೀರುತ್ತಿತ್ತು. ಗುರುಗಳು ಮಣೆಯ ಮೇಲೆ ಕೂತಿದ್ದರು. ಹೊಳೆಯಲ್ಲಿ ಹರಿಗೋಲು ಕಾಯುತ್ತಿತ್ತು.

ದೇವೀರಿಯ ಸರದಿ ಬಂದಾಗ ಶಂಕರಲಿಂಗ ಅವಳ ಬೆರಳಿನ ದಾರ ಬಿಚ್ಚಿ ಸೀಳು ತೆಗೆದ. ದೀಕ್ಷೆಯ ದಿನ ಬೆರಳು ತಾನಾಗಿಯೇ ನಿಲ್ಲಬೇಕು.

"ಎತ್ತು ತಾಯಿ" ಎಂದು ಮೆಲ್ಲಗೆ ಹೇಳಿದ. "ಇವತ್ತೊಂದು ದಿನ ಎತ್ತು."

ಅವಳು ಅವನ ಕೈಯಿಂದ ಸೀಳು ತೆಗೆದುಕೊಂಡಳು. ಎಲ್ಲರೂ ನೋಡುತ್ತಿದ್ದ ಹಾಗೆ ಲಟಕ್ಕನೆ ಮುರಿದು ನೆಲಕ್ಕೆ ಹಾಕಿದಳು.

ಪೆನ್ಸಿಲ್ ಹಿಡಿದಳು. ಕಿರುಬೆರಳನ್ನು ಗೋಡೆಗೆ ಒರಗಿಸಿದಳು. ಎಳೆಯುತ್ತ ನಡೆದಳು.

ಗೆರೆ ಆ ತುದಿಯಿಂದ ಹೊರಟಿತು. ಎಲ್ಲೂ ನಡುಗಲಿಲ್ಲ, ಎಲ್ಲೂ ದಪ್ಪವಾಗಲಿಲ್ಲ. ಈ ತುದಿಗೆ ಬಂದು ನಿಂತಿತು. ದೇವೀರಿಯ ಕಿರುಬೆರಳು ಸುಣ್ಣವಾಗಿತ್ತು.

ಗುಂಪಿನಲ್ಲಿ ಗದ್ದಲ ಎದ್ದಿತು.

"ಬೆರಳು ತಾಕಿತು!"

"ಉದ್ದಕ್ಕೂ ತಾಕಿತು!"

"ಗೋಡೆಗೆ ಮತ್ತೆ ಸುಣ್ಣ ಹೊಡೀಬೇಕು!"

ಗೆರೆಯನ್ನು ಯಾರೂ ನೋಡಲಿಲ್ಲ. ಶಂಕರಲಿಂಗನ ಕಣ್ಣಲ್ಲಿ ನೀರಿತ್ತು, ಸಿಟ್ಟಿಗೋ ಸಂಕಟಕ್ಕೋ ಅವನಿಗೇ ಗೊತ್ತಿರಲಿಲ್ಲ.

"ಹರಿಗೋಲು ಕಾಯ್ತಿದೆ ದೇವೀರಿ. ನಡಿ."

"ಗುರುಗಳು ಹೇಳಲಿ, ಹೋಗ್ತೀನಿ. ನಿಮ್ಮ ಮಾತಿಗೆ ಹೋಗಲ್ಲ."

ಸಿಂಗರಯ್ಯನವರು ಮಣೆಯಿಂದ ಎದ್ದರು. ಗದ್ದಲ ನಿಂತಿತು. ಅವರು ಗೋಡೆಯ ಹತ್ತಿರ ಹೋಗಿ, ಗೆರೆಯ ಆ ತುದಿಯಿಂದ ಈ ತುದಿಯವರೆಗೆ ಮೂಗು ತಾಕುವಷ್ಟು ಹತ್ತಿರದಿಂದ ನೋಡುತ್ತ ಬಂದರು. ಆಮೇಲೆ ಶಂಕರಲಿಂಗನ ಮುಂದೆ ಬಂದು ಬಲಗೈ ಚಾಚಿದರು.

"ಮಡಿಸು."

"ಏನನ್ನ ಗುರುಗಳೇ?"

"ಕಿರುಬೆರಳು."

ಶಂಕರಲಿಂಗ ಹಿಂದಕ್ಕೆ ಸರಿದ. "ನಿಮ್ಮ ಕೈಯನ್ನ ನಾನು..."

"ಮಡಿಸು ಅಂದೆ."

ಅವನು ಎರಡು ಬೆರಳಿನಲ್ಲಿ ಹೂ ಹಿಡಿದಂತೆ ಹಿಡಿದು ಒತ್ತಿದ. ಬೆರಳು ಬಗ್ಗಲಿಲ್ಲ.

"ಜೋರಾಗಿ."

"ನೋವಾಗುತ್ತೆ ಗುರುಗಳೇ."

"ಆಗಲ್ಲ. ಅದು ಸತ್ತು ಬಹಳ ಕಾಲವಾಯ್ತು."

ಅವನು ಜೋರಾಗಿ ಒತ್ತಿದ. ಬೆರಳು ಅಲುಗಲಿಲ್ಲ. ಅವನ ಕೈ ತಾನಾಗಿ ಕೆಳಗಿಳಿಯಿತು. ತನ್ನ ಬಲಗೈಯನ್ನು ಮುಖದ ಹತ್ತಿರ ತಂದುಕೊಂಡು, ಎಡಗೈಯಲ್ಲಿ ತನ್ನದೇ ಕಿರುಬೆರಳನ್ನು ಹಿಡಿದು ಮಡಿಸಲು ನೋಡಿದ. ಅದು ಸ್ವಲ್ಪ ಬಗ್ಗಿ ನಿಂತುಬಿಟ್ಟಿತು.

"ನಂದೂ ಬಗ್ಗಲ್ಲ ಗುರುಗಳೇ" ಎಂದ.

ಅಷ್ಟು ವಯಸ್ಸಾದವನು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ. ದೇವೀರಿಗೆ ಗೆದ್ದ ಖುಷಿಯೆಲ್ಲ ಇಳಿದುಹೋಯಿತು. ಹೋಗಿ ಅವನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಹೋಗಲಿಲ್ಲ.

ಸಿಂಗರಯ್ಯನವರು ಶಂಕರಲಿಂಗನ ಭುಜದ ಮೇಲೆ ಕೈ ಇಟ್ಟರು. ಆಮೇಲೆ ಬಗ್ಗಿ, ನೆಲದಲ್ಲಿದ್ದ ಬಿದಿರಿನ ಎರಡು ತುಂಡುಗಳನ್ನು ಹೆಕ್ಕಿ ತಮ್ಮ ಎಲೆಯಡಿಕೆ ಸಂಚಿಗೆ ಹಾಕಿಕೊಂಡರು.

"ದೇವೀರಿ, ನಾಳೆಯಿಂದ ಕಣ್ಣು" ಎಂದು ಹೇಳಿ ಒಳಗೆ ಹೋದರು.

ಹರಿಗೋಲು ಬರಿದಾಗಿ ಹೋಯಿತು.

ಮಾರನೆಯ ಬೆಳಿಗ್ಗೆ ಊಟದ ಮನೆಯಲ್ಲಿ ದೇವೀರಿ ಒಂದು ವಿಚಿತ್ರ ನೋಡಿದಳು. ಶಂಕರಲಿಂಗನದೊಂದು ಬಿಟ್ಟು ಯಾರ ಕಿರುಬೆರಳೂ ಮೇಲೆ ಇರಲಿಲ್ಲ. ಹೊಂಗೆ ಮರದ ಕೆಳಗೆ ಮಿಕ್ಕವರೆಲ್ಲ ಬೆರಳನ್ನು ಕಾಗದಕ್ಕೆ ಒರಗಿಸಿ ಬರೆಯುತ್ತಿದ್ದರು. ಮಧ್ಯೆ ಮಧ್ಯೆ ಅವಳ ಕೈ ನೋಡಿ, ತಮ್ಮ ಕೈ ತಿದ್ದಿಕೊಳ್ಳುತ್ತಿದ್ದರು.

ಅವಳಿಗೆ ನಗು ಬಂತು. ಸ್ವಲ್ಪ ಸಂತೋಷವೂ ಆಯಿತು, ಸುಳ್ಳು ಯಾಕೆ ಹೇಳಬೇಕು?

ಕಣ್ಣಿನ ಪಾಠ ನಡೆಯಿತು. ಗುರುಗಳು ಹೆಚ್ಚೇನೂ ಹೇಳುತ್ತಿರಲಿಲ್ಲ. "ಬರೆಯೋಕೆ ಮೊದಲು ನೋಡು" ಅನ್ನುತ್ತಿದ್ದರು. "ನೋಡ್ದೆ" ಅಂದರೆ, "ಇನ್ನೂ ನೋಡು" ಅನ್ನುತ್ತಿದ್ದರು. ಮುಂದಿನ ಬೇಸಿಗೆಯ ಹೊತ್ತಿಗೆ ದೇವೀರಿ ಬರೆದ ಮುಖಗಳು ತಿರುಗಿ ನೋಡತೊಡಗಿದವು. ಹೊಸಬರಿಗೆ ಪೆನ್ಸಿಲ್ ಹಿಡಿಸುವ ಕೆಲಸವನ್ನು ಶಂಕರಲಿಂಗ ತಾನಾಗಿ ಅವಳಿಗೆ ಬಿಟ್ಟುಕೊಟ್ಟ.

ಅವಳು ಸೀಳು ಕಟ್ಟುತ್ತಿರಲಿಲ್ಲ. ಬಾಯಲ್ಲಿ ಹೇಳುತ್ತಿದ್ದಳು.

"ಕಿರುಬೆರಳು ಕೆಳಗೆ. ಒರಗಿಸಿ. ಅದು ಆಸರೆ. ಆಸರೆ ಇಲ್ಲದೆ ಗೆರೆ ನಿಲ್ಲಲ್ಲ."

ಒಂದು ದಿನ ಶಂಕರಲಿಂಗ ಮೂಲೆಯಲ್ಲಿ ಕೂತು ತನ್ನ ಹಳೆಯ ಹಿಡಿತದಲ್ಲೇ ಬರೆಯುತ್ತಿದ್ದ. ದೇವೀರಿ ಹೋಗುತ್ತ ಹೋಗುತ್ತ, "ಅಣ್ಣ, ಬೆರಳು" ಎಂದಳು. ಅವನು ಕೈಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡ. ಅವಳು ಅದನ್ನು ಗಮನಿಸಲಿಲ್ಲ.

ಆಮೇಲೆ ಮಾಯಿಗಯ್ಯ ಬಂದ.

ಗರಡಿಯಲ್ಲಿ ಬೆಳೆದ ಪೈಲ್ವಾನ. ಮೀಸೆ ಪೂರ್ತಿ ಬೆಳ್ಳಗಾಗಿತ್ತು, ತೋಳು ಇನ್ನೂ ಸೊರಗಿರಲಿಲ್ಲ. ಅವನ ಬೆನ್ನಿಗೆ ಅಖಾಡದಲ್ಲಿ ಮಣ್ಣು ಹತ್ತಿಸಿದವನು ಒಬ್ಬನೇ. ಆ ಮನುಷ್ಯ ಈಗ ತೀರಿಕೊಂಡಿದ್ದ.

"ಅವನ ಮಕ ಮರ್ತೋಯ್ತಾ ಐತೆ ಕಣವ್ವ" ಎಂದ ಮಾಯಿಗಯ್ಯ. "ಪೂರ್ತಿ ಮರೆಯೋಕ್ ಮುಂಚೆ ಬರ್ದು ಮಡಿಕಬೇಕು. ಹೇಳ್ಕೊಡು."

ದೇವೀರಿ ಪೆನ್ಸಿಲ್ ಕೊಟ್ಟಳು. ಮಾಯಿಗಯ್ಯ ಅದನ್ನು ಐದೂ ಬೆರಳು ಸೇರಿಸಿ, ಗದೆ ಹಿಡಿಯುವ ಹಾಗೆ ಮುಷ್ಟಿಯಲ್ಲಿ ಹಿಡಿದ. ಹಲಗೆಯ ಮೇಲೆ ಬಗ್ಗಿ ಬರೆಯತೊಡಗಿದ.

"ಹಾಗಲ್ಲ ಅಯ್ಯ. ಮೂರು ಬೆರಳಲ್ಲಿ ಹಿಡೀಬೇಕು. ಕಿರುಬೆರಳು ಕೆಳಗೆ."

"ನಂಗೆ ಹಿಂಗೇ ಬರೋದು."

"ಹೀಗೆ ಹಿಡಿದ್ರೆ ಬರಲ್ಲ."

"ಬತ್ತಾ ಐತಲ್ಲ."

"ಮುಷ್ಟಿ ಬಿಡಿ ಮೊದಲು."

"ಮುಷ್ಟಿ ಬುಟ್ರೆ ಕೈ ನಡುಗ್ತದೆ ಕಣವ್ವ. ವಯಸ್ಸಾಯ್ತು. ಬುಡಾಕಿಲ್ಲ."

ಸುತ್ತ ಕೂತಿದ್ದವರು ಬರೆಯುವುದನ್ನು ನಿಲ್ಲಿಸಿ ದೇವೀರಿಯನ್ನು ನೋಡಿದರು. ಅವಳ ಮುಖ ಬಿಸಿಯಾಯಿತು.

"ಇಲ್ಲಿ ಎಲ್ಲರೂ ಹೇಗೆ ಹಿಡೀತಾರೋ ಹಾಗೇ ಹಿಡೀಬೇಕು. ನಾನು ಸುಮ್ಮನೆ ಹೇಳ್ತಿಲ್ಲ. ಈ ಹಿಡಿತಕ್ಕೋಸ್ಕರ ನಾನು ಏನೇನು ಪಟ್ಟಿದ್ದೀನಿ ಗೊತ್ತಾ ನಿಮಗೆ?"

"ಅದು ನಿನ್ನ ಕೈ ತಾಯಿ. ನೀ ಪಟ್ಟೆ. ನಂಗ್ಯಾಕ್ ಕೊಟ್ಟೀಯೆ?"

"ನಾಳೆ ದಾರ ತರ್ತೀನಿ. ಬೆರಳು ಕೆಳಗೆ ಕೂರೋ ಹಾಗೆ ಕಟ್ತೀನಿ. ಕಟ್ಟಿಸ್ಕೋಳಕ್ಕೆ ಆಗಲ್ಲ ಅಂದ್ರೆ ಹರಿಗೋಲು ಇದೆ."

"ಕಟ್ಟಸ್ಕಳಾಕೂ ಇಲ್ಲ, ಹೋಗಾಕೂ ಇಲ್ಲ" ಎಂದ ಮಾಯಿಗಯ್ಯ. ಹಲಗೆಯನ್ನು ಎದೆಗೆ ಅವುಚಿಕೊಂಡು, ಅಖಾಡದಲ್ಲಿ ಕೂರುವ ಹಾಗೆ ಗಟ್ಟಿಯಾಗಿ ಕೂತ. "ಎತ್ತಾಕು ನೋಡವಾ."

ಹಿಂದೆ ಯಾರೋ ನಕ್ಕರು.

ದೇವೀರಿ ತಿರುಗಿದಳು. ಹೊಂಗೆ ಮರಕ್ಕೆ ಒರಗಿ ಸಿಂಗರಯ್ಯನವರು ನಿಂತಿದ್ದರು. ಅವರು ನಗುವುದನ್ನು ಅವಳು ಅದುವರೆಗೆ ಕೇಳಿಯೇ ಇರಲಿಲ್ಲ.

"ನೋಡಿ ಗುರುಗಳೇ, ಎಷ್ಟು ಹೇಳಿದ್ರೂ ಕೇಳ್ತಿಲ್ಲ."

"ಏನು ಬರೆದ?"

"ಮುಷ್ಟಿ ಬಿಡೋದೇ ಇಲ್ಲ ಅಂತಾರೆ."

"ಅದಲ್ಲಮ್ಮ. ಹಲಗೆ ಮೇಲೆ ಏನು ಬರೆದ?"

ದೇವೀರಿ ಹಲಗೆಯ ಕಡೆ ತಿರುಗಿದಳು. ಮಾಯಿಗಯ್ಯ ಇಷ್ಟು ಹೊತ್ತು ಬರೆದದ್ದು ಅವಳ ಕಣ್ಣೆದುರಿಗೇ.

"ನೋಡಲಿಲ್ಲ" ಎಂದಳು.

ಅವಳಿಗೆ ಶಂಕರಲಿಂಗ ಪಂಚೆಯ ಮಡಿಕೆಯಲ್ಲಿ ಕೈ ಮುಚ್ಚಿಕೊಂಡದ್ದು ಈಗ ಕಣ್ಣಿಗೆ ಕಟ್ಟಿತು. ಹೊಳೆಯ ನೀರಿನಲ್ಲಿ ನಿಂತು ತಾನು ಕೇಳಿದ ಪ್ರಶ್ನೆಯೂ ನೆನಪಾಯಿತು. ನಾಚಿಕೆಯಾಗಿ ತಲೆ ತಗ್ಗಿಸಿದಳು.

ಸಿಂಗರಯ್ಯನವರು ಸಂಚಿಯ ಬಾಯಿ ಬಿಚ್ಚಿದರು. ಒಣಗಿದ ಎಲೆ, ಅಡಿಕೆ ಚೂರುಗಳ ಕೆಳಗೆ ಕೈ ಹಾಕಿ ಹುಡುಕಿ, ಬಿದಿರಿನ ಎರಡು ತುಂಡುಗಳನ್ನು ತೆಗೆದು ಅವಳ ಅಂಗೈಯಲ್ಲಿ ಇಟ್ಟರು.

"ತಗೋ. ಕಟ್ಟು."

"ಇದು ಮುರಿದಿದೆಯಲ್ಲ ಗುರುಗಳೇ."

"ಮುರಿದವಳು ನೀನೇ ಅಲ್ವೇನಮ್ಮ? ಹೊಸದು ಮಾಡೋಕೂ ನಿನಗೇ ಚೆನ್ನಾಗಿ ಬರುತ್ತೆ."